ಎಚ್ ಹೊರಗೆ ತೆಗೆದ ಉತ್ತರ

ಇದನ್ನು ಬರೆಯಲೆಂದು ಇದುವರೆಗೆ ಮೂರು ನೋಟ್‌ಬುಕ್ ತಂದಿದ್ದೇನೆ. ಮೊದಲನೆಯದನ್ನು ಮೊಮ್ಮಗಳು ಚಿತ್ರ ಬರೆಯಲು ಎತ್ತಿಕೊಂಡು ಹೋದಳು. ನಾನು ತಡೆಯಲಿಲ್ಲ, ಒಳಗೊಳಗೆ ಹಗುರವೇ ಆಯಿತು. ಎರಡನೆಯದರಲ್ಲಿ ಒಂದೂವರೆ ಪುಟ ಬರೆದೆ. ಓದಿ ನೋಡಿದರೆ ತಪ್ಪೆಲ್ಲ ಆಗಿನ ಕಾಲದ್ದು, ಮಾಲೀಕರದು, ಬಿಸಿಲಿನದು. ನನ್ನದು ಎಂಬುದು ಎಲ್ಲಿಯೂ ಇರಲಿಲ್ಲ. ಹರಿದು ಹಾಕಿದೆ. ಇದು ಮೂರನೆಯದು. ನನಗೀಗ ಎಪ್ಪತ್ತು ದಾಟಿದೆ. ಇನ್ನೂ ಮುಂದಕ್ಕೆ ಹಾಕಿದರೆ ಹೇಳುವವನೇ ಇರುವುದಿಲ್ಲ.

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ, ರಾಯಚೂರು ಕಡೆಯ ಒಂದು ಹೈಸ್ಕೂಲಿನಲ್ಲಿ, ಕನ್ನಡದಲ್ಲಿ. ಇದನ್ನು ಮೊದಲೇ ಹೇಳಿಬಿಡಬೇಕು. ಆಗ ಹೇಳದೇ ಇದ್ದದ್ದರಿಂದಲೇ ಮುಂದಿನದೆಲ್ಲ ಆಯಿತು.

ಹೈದರಾಬಾದಿನಲ್ಲಿ ಹದಿನೆಂಟು ವರ್ಷ ಒಂದು ಬಟ್ಟೆ ಅಂಗಡಿಯಲ್ಲಿ ದುಡಿದೆ. ಅದು ಮುಚ್ಚಿದಾಗ ನನಗೆ ನಲವತ್ತೈದು. ಅಮೀರ್‌ಪೇಟೆಯಲ್ಲಿ ಆಗ ಮಹಡಿಗೆ ಎರಡರಂತೆ ಕಂಪ್ಯೂಟರ್ ಕ್ಲಾಸುಗಳು ಏಳುತ್ತಿದ್ದ ಕಾಲ. ಎರಡು ಸಾವಿರದ ಇಸವಿ ಬಂದರೆ ಅಮೆರಿಕದ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ, ಅವನ್ನು ಸರಿಮಾಡಲು ಜನ ಬೇಕು ಎಂಬ ಮಾತು ಚಹಾದ ಅಂಗಡಿಯವನ ಬಾಯಲ್ಲೂ ಇತ್ತು. ಅಂಥದೊಂದು ಇನ್‌ಸ್ಟಿಟ್ಯೂಟಿನಲ್ಲಿ ಆಫೀಸ್ ಕೆಲಸಕ್ಕೆ ಡಿಗ್ರಿ ಆದವರು ಬೇಕು ಎಂದು ಬೋರ್ಡು ಹಾಕಿದ್ದರು. ನಾನು ಒಳಗೆ ಹೋಗಿ ಬಿ.ಎಸ್ಸಿ. ಎಂದೆ. ಸರ್ಟಿಫಿಕೇಟ್ ಊರಲ್ಲಿದೆ, ತರಿಸುತ್ತೇನೆ ಎಂದೆ. ಮಾಲೀಕರಿಗೆ ಅವಸರವಿತ್ತು. ಮತ್ತೆ ಯಾರೂ ಕೇಳಲಿಲ್ಲ. ಎಲ್ಲರೂ ನನ್ನನ್ನು ‘ಮಾಸ್ಟಾರು’ ಎಂದು ಕರೆಯತೊಡಗಿದರು. ಮೊದಮೊದಲು ಕರೆದಾಗಲೆಲ್ಲ ಹೆದರಿಕೆಯಾಗುತ್ತಿತ್ತು, ಆಮೇಲೆ ಅದೇ ಹಿತವೂ ಆಯಿತು.

ಪ್ರತಿ ಹೊಸ ಬ್ಯಾಚಿನಲ್ಲಿ ಒಂದು ಸೀಟನ್ನು ಫೀ ಇಲ್ಲದೆ ಕೊಡುತ್ತಿದ್ದರು. ಅದಕ್ಕೆ ಒಂದು ಲೆಕ್ಕದ ಪರೀಕ್ಷೆ. ಹತ್ತು ಪ್ರಶ್ನೆ, ಒಂದೊಂದಕ್ಕೆ ಐದು ಅಂಕ. ಉತ್ತರಪತ್ರಿಕೆಯ ಬಲ ಅಂಚಿನಲ್ಲಿ ಸಾಲಾಗಿ ಹತ್ತು ಚೌಕಗಳು. ಲೆಕ್ಕವನ್ನು ಎಡಕ್ಕೆ ಮಾಡಿ, ಕೊನೆಯ ಉತ್ತರವನ್ನು ಮಾತ್ರ ಚೌಕದೊಳಗೆ ಬರೆಯಬೇಕು. ಪ್ರಶ್ನೆ ತೆಗೆಯುವ ಲೆಕ್ಕದ ಮೇಷ್ಟ್ರು ಸರಿಯುತ್ತರಗಳ ‘ಕೀ’ ಕೊಟ್ಟು ಹೋಗುತ್ತಿದ್ದರು. ನಾನು ಅದನ್ನು ಒಂದು ಉದ್ದ ರಟ್ಟಿನ ಪಟ್ಟಿಯ ಮೇಲೆ, ಚೌಕಗಳ ಅಂತರಕ್ಕೆ ಸರಿಯಾಗಿ ಬರೆದುಕೊಳ್ಳುತ್ತಿದ್ದೆ. ಪಟ್ಟಿಯನ್ನು ಹಾಳೆಯ ಅಂಚಿಗೆ ಹಚ್ಚಿ ಮೇಲಿನಿಂದ ಕೆಳಗೆ ಕಣ್ಣು ಹಾಯಿಸುವುದು; ಹೊಂದಿದರೆ ಟಿಕ್, ಹೊಂದದಿದ್ದರೆ ಕೆಂಪು ಗೀಟು. ಬಟ್ಟೆಗೆ ಗಜಕೋಲು ಹಚ್ಚಿದಷ್ಟೇ ಸಲೀಸು. ಒಂದೇ ಭಾನುವಾರದಲ್ಲಿ ನೂರು ಹಾಳೆ ಮುಗಿಸಿ ಏಳುತ್ತಿದ್ದೆ. ಮಾಲೀಕರು ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು.

ಆ ಪಟ್ಟಿಯ ಮೇಲಿದ್ದ ಅರ್ಧಕ್ಕರ್ಧ ನನಗೆ ತಿಳಿಯುತ್ತಿರಲಿಲ್ಲ. ಪ್ರಶ್ನೆಗಳಲ್ಲಿ f(x) ಎಂದು ಇರುತ್ತಿತ್ತು. ನಾನದನ್ನು f ಗುಣಿಸು x ಎಂದು ಓದುತ್ತಿದ್ದೆ. ಕಂಸದ ಹೊರಗೆ ಒಂದು ಅಕ್ಷರ ನಿಂತಿದ್ದರೆ ಗುಣಿಸಬೇಕು ಎಂದೇ ನಮ್ಮ ಹೈಸ್ಕೂಲಿನಲ್ಲಿ ಕಲಿಸಿದ್ದು. ಕೀ ಕೈಯಲ್ಲಿರುವಾಗ ಅರ್ಥದ ಗೊಡವೆ ನನಗೆ ಬೇಕಿರಲಿಲ್ಲ.

ಆಕೆ ಅರ್ಜಿ ಕೇಳಲು ಬಂದದ್ದು ಒಂದು ಮಧ್ಯಾಹ್ನ. ಮೂವತ್ತರ ಆಸುಪಾಸು, ನೂಲಿನ ಸೀರೆ, ಬೆರಳ ತುದಿಗಳಲ್ಲಿ ಸುಟ್ಟ ಸಣ್ಣ ಕಲೆಗಳು. ಕುಷಾಯಿಗೂಡದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ರೇಡಿಯೋದ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುವ ಕೆಲಸ ಎಂದು ಆಮೇಲೆ ತಿಳಿಯಿತು. ನಾನು ತೆಲುಗಿನಲ್ಲಿ ಏನೋ ಹೇಳಿದೆ. ಆಕೆ ತಲೆಯೆತ್ತಿ ನೋಡಿ ನಕ್ಕಳು.

“ನೀವು ನಮ್ಮ ಕಡೇವ್ರೇನ್ರಿ ಕಾಕಾ? ನಿಮ್ಮ ತೆಲುಗು ಕೇಳಿದ್ರ ಗೊತ್ತಾಕ್ಕೈತಿ ಬಿಡ್ರಿ.”

ರಿಸೆಪ್ಷನ್ ಹುಡುಗಿ ಕಿವಿ ಇತ್ತ ಕೊಟ್ಟಿದ್ದಳು. ನಾನು ಮೆಲ್ಲಗೆ, “ಹೌದವ್ವ. ಫಾರಂ ತುಂಬು” ಎಂದೆ.

“ಪಿಯುಸಿ ಸಾಯನ್ಸ್ ಮಾಡೀನ್ರಿ. ಅಷ್ಟರಾಗ ಲಗ್ನ ಆತು. ನಡೀತೈತೇನ್ರಿ?”

“ನಡೀತೈತಿ. ಪರೀಕ್ಷ್ಯಾಗ ಮೊದಲ ಬರಬೇಕಷ್ಟ.”

“ಬರ್ತೀನ್ರಿ. ಬರಲೇಬೇಕು. ನಮ್ಮತ್ತಿ ಒಂದ ಸಲ ಅಂತ ಹೇಳಿ ಬಿಟ್ಟಾರ. ಈ ಸಲ ಆಗಲಿಲ್ಲಂದ್ರ ಪುಸ್ತಕ ಕಟ್ಟಿ ಅಟ್ಟದ ಮ್ಯಾಲ ಇಡಬೇಕಂತ. ನಾನೂ ಹೂಂ ಅಂದೀನಿ.”

ನಕ್ಕುಕೊಂಡೇ ಹೇಳಿದಳು. ಆದರೆ ಪೆನ್ನು ಹಿಡಿದ ಬೆರಳು ಬಿಳಿಚಿಕೊಂಡಿದ್ದವು.

ಪರೀಕ್ಷೆ ಶನಿವಾರ ನಡೆಯಿತು. ಭಾನುವಾರ ನಾನು ಪಟ್ಟಿ ಹಿಡಿದು ಕೂತೆ. ಆಕೆಯ ಹಾಳೆಗೆ ಹಚ್ಚಿದೆ. ಒಂದರಿಂದ ಒಂಬತ್ತರವರೆಗೆ ಒಂದೇ ಉಸಿರಿಗೆ ಟಿಕ್ ಬಿತ್ತು. ಹತ್ತನೆಯದು ಹೊಂದಲಿಲ್ಲ. ಪ್ರಶ್ನೆ ಇದು: f(x) = x² − 5x + 6 ಆದರೆ, f(x + h) − f(x) ಅನ್ನು ಸಂಕ್ಷೇಪಿಸಿ. ಪಟ್ಟಿಯ ಮೇಲೆ 2xh + h² − 5h ಎಂದಿತ್ತು. ಆಕೆಯ ಚೌಕದಲ್ಲಿ h(2x + h − 5) ಎಂದಿತ್ತು. ನಾನು ಕೆಂಪು ಗೀಟು ಎಳೆದೆ. ನಲವತ್ತೈದು. ಇನ್ನೊಬ್ಬ ಅಭ್ಯರ್ಥಿಯ ಹತ್ತೂ ಉತ್ತರ ಹೊಂದಿದ್ದವು. ಆದರೆ ಅವನು ಒಂದು ಕಡೆ ಉತ್ತರ ತಿದ್ದಿ ಗೀಚಿದ್ದಕ್ಕೆ ನಿಯಮದಂತೆ ಎರಡು ಅಂಕ ಕಳೆದೆ. ಅವನಿಗೆ ನಲವತ್ತೆಂಟು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅಂಕಗಳನ್ನು ಗೋಡೆಗೆ ಅಂಟಿಸಿದೆವು, ಉತ್ತರಪತ್ರಿಕೆಗಳನ್ನು ನೋಡಲು ಕೊಟ್ಟೆವು. ತಕರಾರಿದ್ದರೆ ಮಧ್ಯಾಹ್ನದೊಳಗೆ ಹೇಳಬೇಕು. ನಾಲ್ಕಕ್ಕೆ ಕೊನೆಯ ಹೆಸರು. ಲೆಕ್ಕದ ಮೇಷ್ಟ್ರು ಊರಿಗೆ ಹೋಗಿದ್ದರು, ಬರುವುದು ಮಂಗಳವಾರ.

ಆಕೆ ತನ್ನ ಹಾಳೆ ಹಿಡಿದು ನನ್ನ ಮೇಜಿಗೆ ಬಂದಳು. ಹಿಂದೆ ಏಳೆಂಟು ಜನರ ಸಾಲಿತ್ತು.

“ಕಾಕಾ, ಹತ್ತನೇದು ಸರಿ ಐತ್ರಿ.”

“ಕೀ ಒಳಗ ಬ್ಯಾರೆ ಐತವ್ವ.”

“ಬ್ಯಾರೆ ಅಲ್ರಿ, ಎರಡೂ ಒಂದ. ನಾನು ಎಚ್ ಹೊರಗ ತಗದೀನಿ ಅಷ್ಟ. ಇಲ್ನೋಡ್ರಿ, ಎಕ್ಸ್ ಮೂರು ಇಡ್ರಿ, ಎಚ್ ಎರಡು ಇಡ್ರಿ. ನಿಮ್ಮದ್ರಾಗ ಹನ್ನೆರಡು, ನಾಕು, ಹದಿನಾರಾತು. ಹತ್ತು ಹೋದ್ರ ಆರು. ನನ್ನದ್ರಾಗ ಎರಡು ಮೂರ್ಲೆ ಆರು. ಎಫ್ ಒಳಗ ಐದು ಇಟ್ಟು, ಮೂರು ಇಟ್ಟು, ಕಳದ್ರೂ ಆರ ಬರ್ತೈತಿ.”

ಎಫ್ ಒಳಗೆ ಐದು ಇಡುವುದು ಎಂದರೇನೆಂದು ನನಗೆ ಹೊಳೆಯಲಿಲ್ಲ. ಐದು ಎಫ್ ಎಂದರೆ ಆರು ಹೇಗೆ ಆಗುತ್ತದೆ? ನಾನು ಹಾಳೆಯನ್ನೇ ನೋಡುತ್ತ ಕೂತೆ. ಸಾಲಿನಲ್ಲಿದ್ದ ಒಬ್ಬ, “ಅರೇ, ಆಂಟಿ ಮಾಸ್ಟರ್ ಕೀ ಕ್ಲಾಸ್ ಲೇರೇ ರೇ!” ಎಂದ. ಮಾಸ್ತರಿಗೇ ಆಂಟಿ ಪಾಠ ಮಾಡುತ್ತಿದ್ದಾಳೆ ಎಂದು ಎಲ್ಲರೂ ನಕ್ಕರು. ರಿಸೆಪ್ಷನ್ ಹುಡುಗಿಯೂ ಬಾಯಿಗೆ ಕೈ ಅಡ್ಡ ಹಿಡಿದಳು.

ನಾನು ತೆಲುಗಿನಲ್ಲಿ ಗಟ್ಟಿಯಾಗಿ, ಕೀಯಲ್ಲಿ ಇರುವುದೇ ಉತ್ತರ, ಮುಂದಿನವರು ಬನ್ನಿ ಎಂದೆ.

ಆಕೆ ಸರಿಯಲಿಲ್ಲ. “ಕಾಕಾ, ಸಿಟ್ಟಾಗಬ್ಯಾಡ್ರಿ. ನಿಮಗ ಗೊತ್ತೈತಿ. ಒಂದ ಸಲ ನೋಡ್ರಿ.”

ನಿಮಗೆ ಗೊತ್ತಿದೆ ಎಂದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ನಂಬಿದ್ದಳು. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು.

ಗದ್ದಲ ಕೇಳಿ ಮಾಲೀಕರು ಕ್ಯಾಬಿನ್ನಿನಿಂದ ಬಂದರು. ಎರಡು ಉತ್ತರಗಳನ್ನೂ ನೋಡಿದರು. ಅವರದು ಕಾಮರ್ಸು, ಲೆಕ್ಕದ ಗೋಜಿಗೆ ಹೋಗುವವರಲ್ಲ. “ಮಾಸ್ಟಾರು, ಮೀರು ಬಿ.ಎಸ್ಸಿ. ಕದಾ! ಚೂಸಿ ಚೆಪ್ಪಂಡಿ” ಎಂದರು. ಬಿ.ಎಸ್ಸಿ. ಆದವರು ನೀವೇ ನೋಡಿ ಹೇಳಿ ಎಂದು. ಆಮೇಲೆ ಆಕೆಯ ಕಡೆ ತಿರುಗಿ, ಎರಡಕ್ಕೆ ಬಾರಮ್ಮ, ಮಾಸ್ಟಾರು ಏನು ಹೇಳುತ್ತಾರೋ ಅದೇ ಕಡೆಯ ಮಾತು ಎಂದರು.

ನಾನು ಒಂದು ರದ್ದಿ ಹಾಳೆಯ ಹಿಂದೆ ಎರಡೂ ಉತ್ತರ ಬರೆದುಕೊಂಡು, ಊಟದ ಡಬ್ಬಿ ಹಿಡಿದು, ಟೆರೇಸಿಗೆ ಹೋಗುವ ಮೆಟ್ಟಿಲ ಮೇಲೆ ಕೂತೆ. ಅಲ್ಲಿ ಯಾರೂ ಬರುತ್ತಿರಲಿಲ್ಲ. ಡಬ್ಬಿ ತೆರೆಯಲಿಲ್ಲ.

ಮೊದಲು ನನಗೆ ತಿಳಿದಂತೆ ಮಾಡಿದೆ. f ಅನ್ನು x ಮತ್ತು h ಎರಡಕ್ಕೂ ಗುಣಿಸಿ, f ಗುಣಿಸು x ಕಳೆದೆ. fh ಉಳಿಯಿತು. ಕೀಯಲ್ಲಿ f ಎಂಬುದೇ ಇಲ್ಲ. ಎಲ್ಲಿ ಹೋಯಿತು? ಮತ್ತೆ ಮಾಡಿದೆ, ಮತ್ತೆ fh. ಪ್ರಶ್ನೆಯೇ ನನಗೆ ಅರ್ಥವಾಗಿಲ್ಲ ಎಂಬುದು ಅಷ್ಟು ದಿನದಲ್ಲಿ ಮೊದಲ ಸಲ ಕಣ್ಣಿಗೆ ಕಂಡಿತು.

ಹಾಗಾದರೆ ಉಳಿದದ್ದು ಆಕೆ ತೋರಿಸಿದ ದಾರಿ. ಎರಡು ಉತ್ತರಗಳಲ್ಲೂ ಒಂದೇ ಅಂಕಿಗಳನ್ನು ಇಟ್ಟು ನೋಡುವುದು. ನಾನು ಅಂಕಿ ಇಡತೊಡಗಿದ್ದು ಆಕೆ ಸರಿಯೋ ಎಂದು ತಿಳಿಯಲು ಅಲ್ಲ. ಆಕೆ ತಪ್ಪಾಗುವ ಒಂದೇ ಒಂದು ಅಂಕಿ ಸಿಗಲಿ ಎಂದು. ಒಂದು ಸಿಕ್ಕರೆ ಸಾಕಿತ್ತು, ಕೆಳಗೆ ಹೋಗಿ ಅದನ್ನು ಎಲ್ಲರ ಮುಂದೆ ಇಟ್ಟುಬಿಡುತ್ತಿದ್ದೆ.

x ನಾಲ್ಕು, h ಒಂದು. ಕೀ ಪ್ರಕಾರ ನಾಲ್ಕು, ಆಕೆಯ ಪ್ರಕಾರ ನಾಲ್ಕು. x ಒಂದು, h ಏಳು. ಇಪ್ಪತ್ತೆಂಟು, ಇಪ್ಪತ್ತೆಂಟು. ಸಣ್ಣ ಅಂಕಿಗಳು ಮೋಸ ಮಾಡುತ್ತಿರಬಹುದು ಎಂದುಕೊಂಡು x ನೂರು, h ಹತ್ತು ಇಟ್ಟೆ. ಎರಡು ಸಾವಿರದ ಐವತ್ತು. ಆಕೆಯದೂ ಎರಡು ಸಾವಿರದ ಐವತ್ತು. ಋಣ ಸಂಖ್ಯೆ ಇಟ್ಟರೆ ಮುರಿಯಬಹುದು: x ಹತ್ತು, h ಋಣ ಎರಡು. ಕೀಯಲ್ಲಿ ಋಣ ಇಪ್ಪತ್ತಾರು ಬಂತು. ಆಕೆಯದರಲ್ಲಿ ಋಣ ಮೂವತ್ತಾರು! ನಾನು ಮೆಟ್ಟಿಲಿನಿಂದ ಎದ್ದೇ ಬಿಟ್ಟೆ. ನಿಂತುಕೊಂಡೇ ಮತ್ತೊಮ್ಮೆ ನೋಡಿದೆ. ಇಪ್ಪತ್ತರಲ್ಲಿ ಎರಡು ಹೋಗಿ ಹದಿನೆಂಟು, ಐದು ಕಳೆಯುವುದನ್ನು ಬಿಟ್ಟು ಗುಣಿಸಿದ್ದೆ. ಹದಿಮೂರು. ಎರಡು ಹದಿಮೂರಲೆ ಇಪ್ಪತ್ತಾರು. ಋಣ ಇಪ್ಪತ್ತಾರು. ಕೂತುಬಿಟ್ಟೆ.

ಆಗ ಕಂಡಿತು. 2xh, h², 5h. ಮೂರರಲ್ಲೂ h ಇದೆ. ಅದನ್ನು ಹೊರಗೆ ತೆಗೆದರೆ ಒಳಗೆ ಉಳಿಯುವುದು 2x, h, 5. ಇದಕ್ಕೆ ಬಿ.ಎಸ್ಸಿ. ಬೇಕಿರಲಿಲ್ಲ. ಸಾಮಾನ್ಯ ಅಪವರ್ತನ ಹೊರತೆಗೆಯುವುದು ಎಂದು ಒಂಬತ್ತನೆಯ ತರಗತಿಯಲ್ಲಿ ನಮ್ಮ ಮಾಸ್ತರರು ಬೋರ್ಡಿನ ತುಂಬ ಮಾಡಿಸಿದ್ದರು. ನನಗದು ಚೆನ್ನಾಗಿಯೇ ಬರುತ್ತಿತ್ತು. ಒಮ್ಮೆ ಬೆನ್ನು ತಟ್ಟಿದ್ದರು ಕೂಡ. ಇಂಗ್ಲಿಷಿನ ಪ್ರಶ್ನೆ, ರಟ್ಟಿನ ಪಟ್ಟಿ, ಮಾಸ್ಟಾರು ಎಂಬ ಹೆಸರು, ಇವುಗಳ ನಡುವೆ ನನಗೆ ಬರುತ್ತಿದ್ದದ್ದೂ ನನಗೆ ಕಾಣದೆ ಹೋಗಿತ್ತು.

ಇಲ್ಲಿಯವರೆಗಿನದನ್ನು ಅಜ್ಞಾನ ಎಂದು ಹೇಳಿಕೊಳ್ಳಬಹುದು. ಮುಂದಿನದನ್ನು ಹಾಗೆ ಹೇಳಲಾಗದು.

ಗಡಿಯಾರ ಎರಡಕ್ಕೆ ಹತ್ತು ನಿಮಿಷ ಇದೆ ಎನ್ನುತ್ತಿತ್ತು. ನಾನು ಆ ಹತ್ತು ನಿಮಿಷವನ್ನೂ ನನಗಾಗಿ ಬಳಸಿದೆ. ಸರಿ ಎಂದರೆ ಮಾಲೀಕರು ಏನು ಕೇಳುತ್ತಾರೆ? ಬಿ.ಎಸ್ಸಿ. ಆದವರಿಗೆ ಭಾನುವಾರವೇ ಏಕೆ ಕಾಣಲಿಲ್ಲ ಎನ್ನುತ್ತಾರೆ. ನೂರು ಹಾಳೆಗಳನ್ನೂ ಮತ್ತೆ ನೋಡಿ ಎನ್ನುತ್ತಾರೆ, ಹಿಂದಿನ ಬ್ಯಾಚುಗಳಲ್ಲಿ ಹೀಗೆ ಎಷ್ಟು ಜನರದು ಹೊಡೆದುಹಾಕಿದ್ದೀರಿ ಎನ್ನುತ್ತಾರೆ. ಸರ್ಟಿಫಿಕೇಟ್ ಎಲ್ಲಿ ಎನ್ನುತ್ತಾರೆ. ಸಾಲಿನಲ್ಲಿದ್ದವರು ನಕ್ಕ ನಗು ಇನ್ನೂ ಕಿವಿಯಲ್ಲಿತ್ತು. ಆಕೆಯ ಅತ್ತೆ, ಅಟ್ಟದ ಮೇಲಿನ ಪುಸ್ತಕ, ಎಲ್ಲ ನೆನಪಾಯಿತು. ಮರೆತಿದ್ದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳು.

ಕೆಳಗೆ ಇಳಿದೆ. ಆಕೆ ಬೆಂಚಿನಿಂದ ಎದ್ದು ನಿಂತಳು. ಮಾಲೀಕರು ಫೋನಿನಲ್ಲಿದ್ದವರು ರಿಸೀವರಿಗೆ ಕೈ ಅಡ್ಡ ಹಿಡಿದು, ಏನಾಯಿತು ಎಂಬಂತೆ ಹುಬ್ಬು ಹಾರಿಸಿದರು.

“ಒಕಟಿ ಕಾದು ಸರ್” ಎಂದೆ. ಎರಡೂ ಒಂದೇ ಅಲ್ಲ.

ಅವರು ತಲೆಯಾಡಿಸಿ ಫೋನಿಗೆ ಮರಳಿದರು. ಇಷ್ಟೇ ನಡೆದದ್ದು. ಆಕೆ ಜಗಳ ಮಾಡಲಿಲ್ಲ. ನನ್ನ ಮುಖವನ್ನೇ ನೋಡಿದಳು. ನಾನು ಸ್ಟೇಪ್ಲರಿಗೆ ಪಿನ್ನು ತುಂಬುತ್ತಿದ್ದೆ. “ಆತ್ರಿ ಕಾಕಾ” ಎಂದು ಹಾಳೆಯನ್ನು ಮೇಜಿನ ಮೇಲಿಟ್ಟು ಹೋದಳು. ನಾಲ್ಕಕ್ಕೆ ಇನ್ನೊಬ್ಬನ ಹೆಸರನ್ನು ನಾನೇ ಗೋಡೆಗೆ ಅಂಟಿಸಿದೆ.

ಮರುದಿನ ಲೆಕ್ಕದ ಮೇಷ್ಟ್ರು ಬಂದು, ಯಾರಾದರೂ ತಕರಾರು ತೆಗೆದರೇ ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಅಷ್ಟು ಹೊತ್ತಿಗೆ ಆಕೆಯ ಹಾಳೆಯನ್ನು ಹರಿದಿದ್ದೆ. ರಟ್ಟಿನ ಪಟ್ಟಿಯನ್ನು ಮಾತ್ರ ಹರಿಯಲಾಗಲಿಲ್ಲ, ರಟ್ಟು ದಪ್ಪಗಿತ್ತು. ಚೀಲಕ್ಕೆ ಹಾಕಿಕೊಂಡು ಮನೆಗೆ ತಂದೆ.

ಇಷ್ಟಕ್ಕೇ ನಿಂತಿದ್ದರೆ ಬಹುಶಃ ಕಾಲ ಮರೆಸುತ್ತಿತ್ತೇನೋ. ನಾಲ್ಕು ತಿಂಗಳ ಮೇಲೆ ತಾರ್ನಾಕದ ಬಸ್ ಸ್ಟಾಪಿನಲ್ಲಿ ಆಕೆ ಸಿಕ್ಕಳು. ನಾನು ಆಗ ತಾರ್ನಾಕದಲ್ಲೇ ಇದ್ದೆ. ಆಕೆ ಬಸ್ಸು ಬದಲಿಸಲು ಇಳಿದಿದ್ದಳು, ಕೈಯಲ್ಲಿ ತರಕಾರಿ ಚೀಲ. ನಾನು ಕಾಣದವನಂತೆ ಕಂಬದ ಹಿಂದೆ ಸರಿದೆ. ಆಕೆಯೇ ಬಂದಳು.

“ಆರಾಮ ಅದೀರೇನ್ರಿ ಕಾಕಾ?”

“ಅದೀನವ್ವ. ನೀನು?”

“ನಡದೈತ್ರಿ. ಪುಸ್ತಕ ಅಟ್ಟ ಏರ್ಯಾವ.” ನಕ್ಕಳು. ಆಮೇಲೆ ದನಿ ತಗ್ಗಿಸಿದಳು. “ಒಂದ ಮಾತು ಕೇಳ್ಲೇನ್ರಿ? ಸೀಟು ಹೋತು, ಅದ್ರ ಮಾತು ಬ್ಯಾಡ. ಆ ಲೆಕ್ಕ ಖರೇನ ತಪ್ಪಿತ್ತೇನ್ರಿ? ಮನ್ಯಾಗ ಎಷ್ಟು ಸಲ ಮಾಡಿ ನೋಡೀನಿ. ಮಾಡಿದಾಗೆಲ್ಲ ಸರಿ ಬರಾಕತ್ತೈತಿ. ನಾ ಎಲ್ಲಿ ತಪ್ಪಾಕತ್ತೀನಿ ಅಂತ ತಿಳೀವಲ್ದು.”

ಅಲ್ಲಿ ಮಾಲೀಕರಿರಲಿಲ್ಲ. ಸಾಲಿರಲಿಲ್ಲ, ನಗುವವರಿರಲಿಲ್ಲ. ಶೇಂಗಾ ಮಾರುವವನೊಬ್ಬ ಇದ್ದ, ಅವನಿಗೆ ಕನ್ನಡ ಬರುತ್ತಿರಲಿಲ್ಲ. ಒಂದು ಮಾತು, ಸರಿಯಿತ್ತವ್ವ ಎಂಬ ಒಂದು ಮಾತು ಅಂದಿದ್ದರೆ ನನ್ನ ಕೆಲಸವೇನೂ ಹೋಗುತ್ತಿರಲಿಲ್ಲ. ಆಕೆ ಹೋಗಿ ದೂರು ಕೊಡುವವಳೂ ಅಲ್ಲ.

“ತಪ್ಪಿತ್ತವ್ವ” ಎಂದೆ.

“ಎಲ್ರೀ?”

ಆ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ರಸ್ತೆಯ ಕಡೆ ನೋಡಿದೆ. ನನ್ನ ಬಸ್ಸು ಬರುತ್ತಿರಲಿಲ್ಲ.

“ಅದು ಮ್ಯಾಲಿನ ಲೆಕ್ಕ. ಹೇಳಿದ್ರ ನಿನಗ ತಿಳಿಯಂಗಿಲ್ಲ.”

ಆಕೆ ಬಗ್ಗಿ ಚೀಲದೊಳಗಿನ ಬದನೆಕಾಯಿಗಳನ್ನು ಸರಿಮಾಡಿದಳು. “ಹಂಗಾರ ನನಗ ಬರಂಗಿಲ್ಲ ಬಿಡ್ರಿ” ಎಂದಳು. ಆಮೇಲೆ, ತನಗೇ ಹೇಳಿಕೊಂಡಂತೆ, “ಓಣ್ಯಾಗ ನಾಕು ಹುಡುಗ್ಯಾರಿಗೆ ಲೆಕ್ಕ ಹೇಳಿ ಕೊಡಾಕತ್ತಿದ್ದೆ. ಬಿಡಬೇಕು. ನಾ ತಪ್ಪು ಕಲಿಸಿದ್ರ ಅವ್ರಿಗೆ ತ್ರಾಸಾಕ್ಕೈತಿ.”

ಆಕೆಯ ಬಸ್ಸು ಬಂತು. ಹತ್ತುವಾಗ ತಿರುಗಿ, “ಬರ್ತೀನ್ರಿ ಕಾಕಾ, ಬಿಸಿಲಾಗ ನಿಂದರಬ್ಯಾಡ್ರಿ” ಎಂದಳು.

ಅವತ್ತು ಸೀಟನ್ನು ಕಸಿದುಕೊಂಡಿದ್ದೆ. ಇವತ್ತು ಆಕೆಗೆ ಸರಿಯಾಗಿ ಬರುತ್ತಿದ್ದದ್ದನ್ನೇ ಬರುವುದಿಲ್ಲ ಎಂದು ನಂಬಿಸಿ ಕಳಿಸಿದೆ. ನಾನು ಇನ್‌ಸ್ಟಿಟ್ಯೂಟಿನಲ್ಲಿ ಇನ್ನೂ ಆರು ವರ್ಷ ಮಾಸ್ಟಾರು ಎನಿಸಿಕೊಂಡೆ. ಪಟ್ಟಿ ಹಚ್ಚುವುದನ್ನು ಮಾತ್ರ ಕಣ್ಣು ಮಂಜು ಎಂದು ನೆಪ ಹೇಳಿ ಬಿಟ್ಟುಬಿಟ್ಟೆ. ಆಕೆಯನ್ನು ಹುಡುಕಿದೆ ಎಂದು ಹೇಳಲಾರೆ. ಎರಡು ಸಲ ಕುಷಾಯಿಗೂಡದವರೆಗೆ ಬಸ್ಸಿನಲ್ಲಿ ಹೋಗಿದ್ದೇನೆ. ಎರಡು ಸಲವೂ ಇಳಿಯದೆ ಅದೇ ಬಸ್ಸಿನಲ್ಲಿ ವಾಪಸು ಬಂದಿದ್ದೇನೆ.

ಕೆಲಸ ಬಿಟ್ಟು ಎಷ್ಟೋ ವರ್ಷಗಳ ಮೇಲೆ ಆಬಿಡ್ಸಿನ ಫುಟ್‌ಪಾತಿನಲ್ಲಿ ಒಂದು ಹಳೆಯ ಬೀಜಗಣಿತದ ಪುಸ್ತಕ ಕೊಂಡೆ. f ಎಂದರೆ ಗುಣಿಸುವ ಅಕ್ಷರವಲ್ಲ, ಕಂಸದಲ್ಲಿ ಏನಿಟ್ಟರೂ ಅದಕ್ಕೆ ಹೀಗೆ ಮಾಡು ಎಂಬ ಕಟ್ಟಳೆ ಎಂದು ಅರವತ್ತೊಂದನೆಯ ವಯಸ್ಸಿನಲ್ಲಿ ಕಲಿತೆ. x + h ಇಟ್ಟೆ. ವರ್ಗ ಮಾಡಿದೆ, ಐದು ಪಟ್ಟು ಕಳೆದೆ, ಆರು ಕೂಡಿಸಿದೆ. f(x) ಕಳೆದೆ. x² ಹೋಯಿತು, 5x ಹೋಯಿತು, ಆರು ಹೋಯಿತು. ಉಳಿದ ಮೂರರಲ್ಲೂ h ಇತ್ತು.

ಮೊಮ್ಮಗಳು ಈಗ ಹತ್ತನೆಯ ತರಗತಿ. ಮೊನ್ನೆ ಇಂಥದ್ದೇ ಲೆಕ್ಕ ಮಾಡಿ, ಪುಸ್ತಕದ ಕೊನೆಯಲ್ಲಿ ಕೊಟ್ಟ ಉತ್ತರಕ್ಕೆ ಹೊಂದದೆ ಅಳುಮುಖ ಮಾಡಿಕೊಂಡು ಬಂದಳು. ಅಂಕಿ ಇಟ್ಟು ನೋಡು ಎಂದೆ. ಎರಡೂ ಒಂದೇ ಬಂದಾಗ, “ಅಜ್ಜಾ, ನಿಂಗ್ಯಾರು ಹೇಳಿಕೊಟ್ಟರು?” ಎಂದು ಕೇಳಿದಳು. ಅವತ್ತೇ ಈ ನೋಟ್‌ಬುಕ್ ತಂದೆ.

ಆ ರಟ್ಟಿನ ಪಟ್ಟಿ ಈಗ ಈ ಪುಟದ ಪಕ್ಕದಲ್ಲೇ ಇದೆ. ಹತ್ತನೆಯ ಉತ್ತರದ ಪಕ್ಕ ಆಕೆಯ ಉತ್ತರವನ್ನೂ ಬರೆದೆ. ನನಗೆ ಹೇಳಿಕೊಟ್ಟವಳು, ನಾನು ಒಮ್ಮೆಯೂ ಕ್ಷಮೆ ಕೇಳದವಳು ಆಕೆ. ಆಕೆಯ ಹೆಸರು ಗೊತ್ತು. ಅದನ್ನು ಇಲ್ಲಿ ಬರೆಯುವ ಯೋಗ್ಯತೆ ನನಗಿಲ್ಲ. ಅವತ್ತು ಹಾಳೆಯ ತಲೆಯಲ್ಲಿ ಇದ್ದದ್ದನ್ನಷ್ಟೇ ಬರೆಯುತ್ತೇನೆ, ಅವತ್ತು ಬರೆಯಬೇಕಾಗಿದ್ದ ಅಂಕದ ಸಮೇತ. ರೋಲ್ ನಂಬರ್ ನಲವತ್ತೊಂದು. ಐವತ್ತಕ್ಕೆ ಐವತ್ತು.